ರೇಷ್ಮೆಹುಳ ಹೀರೋ ಆದ ಪುಸ್ತಕ

ಮಕ್ಕಳ ಪುಸ್ತಕ ಬರೆದು, ಅದಕ್ಕೆ ಚಿತ್ರವನ್ನೂ ನಾನೇ ಬಿಡಿಸುತ್ತೇನೆಂದು ಹೊರಟವರು ನಗೆಪಾಟಲಿಗೆ ಈಡಾಗದ ದಿನವೇ ಇರುವುದಿಲ್ಲ. ನನ್ನ ಮೊದಲ ಪುಸ್ತಕ ಒಂದಕ್ಕೇ ಮೂರು ಸಲ ಮಂಗಳಾರತಿ ಆಯಿತು.

ಒಂದು: ಮೀಸೆ ಹೋಯಿತು

ನಮ್ಮದು ಚನ್ನಪಟ್ಟಣ. ಅಪ್ಪ ಮರದ ಗೊಂಬೆ ಮಾಡುತ್ತಿದ್ದರು, ನಾನು ಅವಕ್ಕೆ ಕಣ್ಣು ಬರೆಯುತ್ತಿದ್ದೆ. ಕಣ್ಣು ಬರೆದೂ ಬರೆದೂ, ಈ ಗೊಂಬೆಗಳಿಗೆ ಕಥೆ ಬೇಡವೇ ಅನ್ನಿಸಿ ಬರೆಯಲು ಕೂತೆ. ಗೊಂಬೆಯ ಬದಲು ಹೊಳೆದದ್ದು ನಮ್ಮ ಸುತ್ತಲ ಊರುಗಳಲ್ಲೆಲ್ಲ ಸಾಕುವ ರೇಷ್ಮೆಹುಳ; ಅದನ್ನೇ ಹೀರೋ ಮಾಡಿ ಪುಸ್ತಕ ಬರೆದೆ. ಐದು ಮಂದಿ ಪ್ರಕಾಶಕರು ವಾಪಸು ಕಳಿಸಿದರು. ಆರನೆಯವರು, ‘ನಮ್ಮ ಸಂಪಾದಕರು ಬಂದು ಮಕ್ಕಳಿಗೆ ಓದಿ ತೋರಿಸುತ್ತಾರೆ. ಮಕ್ಕಳು ಒಪ್ಪಿದರೆ ಅಚ್ಚು, ಇಲ್ಲದಿದ್ದರೆ ಇಲ್ಲ’ ಎಂದು ಬರೆದರು. ಕಾಗದ ಹಿಡಿದು ಅಂಗಳದಲ್ಲಿ ಕುಣಿದುಬಿಟ್ಟೆ.

ಕುಣಿತ ನೋಡಿ ಪಕ್ಕದ ಮನೆ ಅಜ್ಜಿ ಬಂದರು. ಜೀವನಪೂರ್ತಿ ಗೊಂಬೆಗೆ ಅರಗಿನ ಬಣ್ಣ ಹಚ್ಚಿದ ಕೈ ಅದು. ಮಗು ಬಾಯಿಗೆ ಹಾಕಿಕೊಂಡರೂ ಬಿಡಬಾರದು, ಅಂಥದ್ದೇ ಬಣ್ಣ ಎಂಬುದು ಅವರ ಲೆಕ್ಕ. ಚಿತ್ರ ತೋರಿಸಿದೆ. ಅಜ್ಜಿ ಬೆರಳಿಗೆ ಎಂಜಲು ಮಾಡಿಕೊಂಡು ಹೀರೋನ ಮುಖವನ್ನು ಒಂದೇ ಸಲ ಉಜ್ಜಿದರು. ನಾನು ಇಡೀ ಬೆಳಗ್ಗೆ ಕೂತು ಬರೆದ ಮೀಸೆ ಅವರ ಬೆರಳಿಗೆ ಬಂತು.

“ಇದ್ನ ಮಕ್ಳ ಕೈಗೆ ಕೊಟ್ಟೀಯ? ಮೊದ್ಲು ಬಣ್ಣ ಹಾಕೋದ ಕಲ್ತ್ಕೊ” ಅಂದರು.

ಎರಡು: ಬಾಗಿಲಾಚೆ ನಿಂತ ಹೀರೋ

ಹುಳವನ್ನು ಹತ್ತಿರದಿಂದ ನೋಡಿ ಬರೆಯೋಣವೆಂದು ಅಕ್ಕೂರಿಗೆ ಹೋದೆ. ಅಲ್ಲಿ ಹುಳ ಸಾಕುವ ಅಕ್ಕನೊಬ್ಬಳ ಪರಿಚಯವಿತ್ತು. ಹುಳದ ಮನೆಗೆ ಹೊರಗಿನವರನ್ನು ಬಿಡುವುದೇ ಅಪರೂಪ. ಕೈಕಾಲು ತೊಳೆಸಿ, ಹುಳಕ್ಕೆ ವಾಸನೆ ಆಗದೆಂದು ಮುಡಿದಿದ್ದ ಮಲ್ಲಿಗೆ ತೆಗೆಸಿ, ಆಮೇಲೆ ಹೊಸಿಲ ಹತ್ತಿರ ಬಿಟ್ಟಳು. ನಾನು ಖುಷಿಯಿಂದ ಹಾಳೆ ಬಿಚ್ಚಿದೆ. ಹೀರೋ ಅಲ್ಲವೇ, ಗುಂಡಗುಂಡಗೆ ಮಾಡಿ ಬಂಗಾರದ ಹಳದಿ ಬಳಿದಿದ್ದೆ.

ಅವಳ ಮುಖ ಇಳಿದುಹೋಯಿತು. ಯಾರ ಮನೆಯ ಹುಳ ಎಂದು ಕೇಳಿದಳು. ನನ್ನದೇ ಅಂದೆ.

“ಹಾಲುತೊಂಡೆ ರೋಗ ಬಂದೈತೆ ಕಣವ್ವ. ಊದ್ಕಂಡು ಹಳದಿ ತಿರುಗೈತೆ. ಒಂದಕ್ಕೆ ಬಂದ್ರೆ ಮನೆಯವಕ್ಕೆಲ್ಲ ಅಂಟ್ತದೆ. ಆಚೆ ಮಡಗಿ ಬಾ.”

ಇದು ಬರೀ ಕಾಗದ ಅಂದೆ. ಆದರೂ ಬೇಡವೆಂದಳು. ನನ್ನ ಹೀರೋ ಜಗಲಿಯ ಮೇಲೆ ಕಲ್ಲಿನಡಿ ಕೂತ, ನಾನೊಬ್ಬಳೇ ಒಳಗೆ ಹೋದೆ. ಮನೆಗೆ ಬಂದು ಇಪ್ಪತ್ತನಾಲ್ಕು ಪುಟದಲ್ಲೂ ಹುಳವನ್ನು ಬೆಳ್ಳಗೆ ಮಾಡಿದೆ.

ಮೂರು: ಸಂತೋಷದ ಮುಕ್ತಾಯ

ಕನಕಪುರದ ಕಡೆಯ ಒಂದು ಶಾಲೆಯಲ್ಲಿ ಪರೀಕ್ಷೆ. ಸಂಪಾದಕರು ಪಕ್ಕಾ ಪಟ್ಟಣದವರು, ನಗು ಅವರ ಹತ್ತಿರ ಸುಳಿದ ಗುರುತಿರಲಿಲ್ಲ. ಓದಲು ಶುರುಮಾಡಿದರು. ಹುಳ ಸೊಪ್ಪು ಮೇಯುವಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೊನೆಗೆ ನಾನು ತುಂಬಾ ಹೆಮ್ಮೆಪಟ್ಟಿದ್ದ ಪುಟ ಬಂತು: ಹುಳ ಚಿಟ್ಟೆಯಾಗಿ, ಗೂಡು ಒಡೆದು, ಲೋಕ ನೋಡಲು ರಾಮನಗರದ ಬೆಟ್ಟಗಳ ಮೇಲೆ ಹಾರಿಹೋಯಿತು.

ಚಪ್ಪಾಳೆಗೆ ಕಾದೆ. ಇಡೀ ತರಗತಿ ಸಾವಿನ ಮನೆಯ ಹಾಗೆ ಕೂತಿತ್ತು. ಮುಂದಿನ ಸಾಲಿನ ಹುಡುಗಿಯ ಕಣ್ಣಲ್ಲಿ ನೀರು. ಏನಮ್ಮ ಎಂದು ಸಂಪಾದಕರು ಕೇಳಿದಾಗ ಎದ್ದು ನಿಂತಳು.

“ಗೂಡು ತೂತಾಗೋಯ್ತಲ್ಲ ಸಾ. ಇನ್ನು ಅದ್ರಲ್ಲಿ ನೂಲು ಬರಾಕಿಲ್ಲ. ಸಾಕಿದೋರ ಗತಿ ಏನು?”

ಉಳಿದವರೆಲ್ಲ ಹೌದು ಹೌದು ಅಂದರು. ಸಂಪಾದಕರು ಫೈಲು ಮುಚ್ಚಿದರು. ಮುಗಿಯಿತು, ಏಳನೆಯ ಪ್ರಕಾಶಕರನ್ನು ಹುಡುಕಬೇಕು ಅಂದುಕೊಂಡೆ.

ಆ ಹುಡುಗಿ ಮಾತ್ರ ಕೂರಲಿಲ್ಲ. ಕಣ್ಣೊರೆಸಿಕೊಂಡು ಯೋಚಿಸಿದಳು.

“ಹುಳುವ ಮಾಗಡಿ ಕಡೆ ಹುಟ್ಸಿ ಸಾ. ಅಲ್ಲಿ ಬಿತ್ತನೆ ಗೂಡು ಮಾಡ್ತಾರೆ, ಮೊಟ್ಟೆಗೆ. ಅವು ಚಿಟ್ಟೆ ಆಗ್ಲೇಬೇಕು, ತೂತಾದ್ರೂ ಯಾರೂ ಬೈಯಾಕಿಲ್ಲ.”

ಸಂಪಾದಕರು ಫೈಲು ತೆರೆದು, ಹುಳದ ಊರು ತಿದ್ದಿದರು. ಈಗ ಪುಸ್ತಕ ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿಗೆ ಎಂದು ಎಲ್ಲರೂ ಕೂಗಿದರು. ನಾನಂತೂ ಎದ್ದು ನಿಂತುಬಿಟ್ಟಿದ್ದೆ.

“ಇನ್ನೊಂದು ಸಾ,” ಅಂದಳು ಹುಡುಗಿ. “ಆ ಚಿಟ್ಟೆಗೆ ರೆಕ್ಕೆ ಇದ್ರೂ ಹಾರಾಕೆ ಬರಾಕಿಲ್ಲ. ಲೋಕ ನೋಡ್ಬೇಕು ಅಂದ್ರೆ ಬಸ್ ಹತ್ಸಿ.”