ಅಳಿಯನ ಲೆಕ್ಕ, ಕಾಕವಿಯ ನಡಿಗೆ

ರನ್ನ ಬೆಳಗಲಿಯ ಜಕ್ಕಪ್ಪನ ಮನೆಯಲ್ಲಿ ಅಳಿಯನ ಮಾತಿಗೆ ಯಾರೂ ಎದುರಾಡುವುದಿಲ್ಲ. ಶಿವಪುತ್ರ ಕೆಟ್ಟದ್ದೇ ಅದರಿಂದ.

ಹಂಗಾಮಿನ ಮೊದಲ ಕಾಕವಿ (ಬೆಲ್ಲ ಕಟ್ಟುವ ಮೊದಲೇ ಕೊಪ್ಪರಿಗೆಯಿಂದ ಇಳಿಸಿದ ಕಬ್ಬಿನ ಪಾಕ) ಮನೆದೇವರು ಬೀರೇಶ್ವರನಿಗೆ ಎಡೆಯಾಗದೆ ಆ ದಿನ ಅಲ್ಲಿ ಯಾರೂ ಉಣ್ಣುವಂತಿಲ್ಲ. ಡಬ್ಬಿಯಿಂದ ಬಟ್ಟಲಿಗೆ ನಾಲ್ಕು ಚಮಚ ಹಾಕಿದರೆ ಮುಗಿಯುವ ಕೆಲಸ. ಆದರೆ ಶಿವಪುತ್ರ ಜಮಖಂಡಿಯ ಕಾಲೇಜಿನಲ್ಲಿ ದ್ರವಗಳ ಪಾಠ ಹೇಳುವವನು. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಾವ ಜಕ್ಕಪ್ಪ, “ಅಳಿಯಂದ್ರು ಏನ ಕಲಿಸ್ತಾರವ್ವ?” ಎಂದು ಮಗಳನ್ನು ಕೇಳುವುದು ಬಿಟ್ಟಿರಲಿಲ್ಲ. ಇಂದು ತೋರಿಸಿಯೇ ಬಿಡುವುದೆಂದು ಶಿವಪುತ್ರ ಮೂಲೆಯ ಡಬ್ಬಿಯನ್ನು ತಾನೇ ಎತ್ತಿ ತಂದು, ಅದರಿಂದ ಬಟ್ಟಲಿಗೆ ಇಳಿಯುವಂತೆ ಸೀಳಿದ ಪೈಪೊಂದನ್ನು ಓರೆಯಾಗಿ ನಿಲ್ಲಿಸಿದ.

“ಸಂವೇಗದ ಸಂರಕ್ಷಣೆ ಅಂತಾರ್ರಿ ಮಾವಾರ. ತೂಕ ಕೆಳಗ ಎಳೀತದ, ಪೈಪಿಗೆ ಅಂಟಿದ ಪದರ ಹಿಂದಕ್ಕ ಜಗ್ಗತದ. ಎರಡೂ ಸಮ ಆದ್ವು ಅಂದ್ರ ವೇಗ ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ. ಲೆಕ್ಕಾ ಮಾಡೇನಿ, ಬಟ್ಟಲಾ ಮುಟ್ಟಾಕ ನಲವತ್ತು ಸೆಕೆಂಡ.”

“ಚಮಚಾ ಕೊಡ್ಲೇನ್ರಿ?” ಎಂದಳು ಹೆಂಡತಿ ವೈಶಾಲಿ.

“ವಿಜ್ಞಾನದಾಗ ಚಮಚಾ ತರಬ್ಯಾಡ.”

ಕಾಕವಿ ಪಟ್ಟಾಭಿಷೇಕಕ್ಕೆ ಹೊರಟ ಅರಸನಂತೆ ಹೊರಟಿತು. ಹತ್ತು ನಿಮಿಷಕ್ಕೆ ಒಂದು ಗೇಣು. ಶಿವಪುತ್ರನಿಗೆ ತಪ್ಪು ಹೊಳೆಯಿತು. ಸಮೀಕರಣವೇನೋ ಸರಿ, ಅದಕ್ಕೆ ಹಾಕಿದ ಸ್ನಿಗ್ಧತೆಯ (ಅಂಟುತನದ) ಅಂಕಿ ಕುದಿಯುವ ಕೊಪ್ಪರಿಗೆಯದು, ಮುಂದಿರುವುದು ಪುಷ್ಯದ ಚಳಿಗೆ ಬಿಗಿದುಕೊಂಡ ಪಾಕ.

“ಇನ್ನೊಂದು ಐದ ಮಿನಿಟ,” ಎಂದ, ತಲೆ ಎತ್ತದೆ.

“ಆಗಲ್ರಿ,” ಎಂದು ಜಕ್ಕಪ್ಪ ಎದ್ದು ಒಳಗೆ ಹೋದ. ಅತ್ತೆ ಗುರುಬಸವ್ವ ಹೋದಳು. ವೈಶಾಲಿಯೂ ಹೋದಳು. ತನ್ನಿಂದಾಗಿ ಮನೆಮಂದಿಯೆಲ್ಲ ಹಸಿದು ಮಲಗಿದರೆಂದು ಶಿವಪುತ್ರ ಅಂದುಕೊಂಡ.

ಮುಕ್ಕಾಲು ಗಂಟೆಗೆ ಬಟ್ಟಲಲ್ಲಿ ಒಂದು ಚಮಚದಷ್ಟು ಬಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕ್ಷಮೆಯ ಮಾತು ಜೋಡಿಸಿಕೊಳ್ಳುತ್ತ ದೇವರ ಕೋಣೆಗೆ ನಡೆದ. ಬೀರೇಶ್ವರನ ಮುಂದೆ ಎಡೆಯ ಹೋಳಿಗೆ ಆಗಲೇ ಇತ್ತು. ಅದರ ಮೇಲೆ ಬಿಸಿ ಕಾಕವಿಯೂ ಇತ್ತು. ಹಿತ್ತಲಲ್ಲಿ ಜಕ್ಕಪ್ಪ ಕೈ ತೊಳೆದು ಧಾರಾಳವಾಗಿ ತೇಗಿದ.

“ಎಡಿ ಯಾವಾಗ ಆತು?” ಎಂದ ಶಿವಪುತ್ರ.

“ನಿಮ್ಮದು ಗೇಣುದ್ದ ಬಂದಿತ್ತಲ್ರಿ, ಆವಾಗ,” ಎಂದಳು ವೈಶಾಲಿ. “ಬ್ಯಾರೆ ಡಬ್ಬಿ ಒಲಿ ಮ್ಯಾಲ ಇಟ್ವಿ.”

“ನನಗೊಂದು ಮಾತ ಹೇಳಬಾರದಾಗಿತ್ತಾ?”

ಅಳಿಯನೊಡನೆ ನೇರ ಮಾತಾಡದ ಗುರುಬಸವ್ವ ಬಾಗಿಲ ಮರೆಯಿಂದ ಮಗಳಿಗೆ ಹೇಳಿದಳು:

“ಹೆಂಗ ಹೇಳೂದವ್ವ? ಅವ್ರು ಎತ್ಕೊಂಡಿದ್ದು ಹೋದ ವರ್ಷದ ಡಬ್ಬಿ. ಅದನ್ನ ಮೊದಲಿಗೇ ಹೇಳಲಿಲ್ಲ, ಇನ್ನ ಇದನ್ನೇನ ಹೇಳೂದು.”