ಭಾವನ ಬೂಟು, ನನ್ನ ಬ್ರೇಕು

ಮೋಟಾರ್ ಸೈಕಲ್ ತಯಾರಿಸುವವರೂ ಬೂಟು ಹೊಲಿಯುವವರೂ ಈ ಭೂಮಿಯ ಮೇಲೆ ಒಮ್ಮೆಯೂ ಪರಸ್ಪರ ಮುಖ ನೋಡಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಡಿದ್ದರೆ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಇತ್ಯರ್ಥವಾಗಬಹುದಾಗಿದ್ದ ವಿಷಯಕ್ಕೆ ನಾನು ತಿಂಗಳುಗಟ್ಟಲೆ ತಿಪಟೂರಿನ ಗ್ಯಾರೇಜುಗಳ ಮುಂದೆ ಒಂಟಿ ಕಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಗಾಡಿ ಮಾಡಿದವನು ಸವಾರನ ಕಾಲಿನಲ್ಲಿ ಹವಾಯಿ ಚಪ್ಪಲಿ ಇರುತ್ತದೆಂದು ತಿಳಿದ. ಬೂಟು ಮಾಡಿದವನು ಅದನ್ನು ತೊಟ್ಟವನು ನಡೆದೇ ಹೋಗುತ್ತಾನೆ, ಅದೂ ಹಿಮಾಲಯದ ಮೇಲೆ, ಎಂದು ತಿಳಿದ. ಇವರಿಬ್ಬರ ತಿಳಿವಳಿಕೆಗಳ ನಡುವೆ ಸಿಕ್ಕಿಕೊಂಡದ್ದು ನನ್ನ ಎಡಗಾಲು.

ಬೂಟನ್ನು ನಾನು ಕೊಂಡವನಲ್ಲ. ನನ್ನ ಹೆಂಡತಿಯ ಅಣ್ಣ ಚಂದ್ರಣ್ಣ ಸೈನ್ಯದಿಂದ ನಿವೃತ್ತನಾಗಿ ಸಂಪಿಗೆಯಲ್ಲಿ ತೆಂಗಿನ ತೋಟ ಮಾಡಿಕೊಂಡಿದ್ದಾನೆ. ಸೈನ್ಯ ಅವನನ್ನು ಬಿಟ್ಟಿದೆ. ಅವನು ಸೈನ್ಯವನ್ನು ಬಿಟ್ಟಿಲ್ಲ. ಅವನ ತೋಟದಲ್ಲಿ ತೆಂಗಿನ ಸಸಿಗಳೂ ಅಟೆನ್ಷನ್ನಿನಲ್ಲೇ ನಿಂತಿರುತ್ತವೆ. ನಾನು ಹೈಸ್ಕೂಲು ಮೇಷ್ಟ್ರು. ಹೊಸದಾಗಿ ನೂರು ಸಿ.ಸಿ. ಗಾಡಿ ಕೊಂಡು ಅವನಿಗೆ ತೋರಿಸಲು ಹೋದಾಗ ಅವನು ಗಾಡಿಯ ಕಡೆ ಕಣ್ಣೆತ್ತಿ ನೋಡದೆ ನನ್ನ ಕಾಲನ್ನೇ ನೋಡಿದ. "ಚಪ್ಪಲೀಲಿ ಗಾಡಿ ಓಡ್ಸೋದೂ ಲುಂಗೀಲಿ ಪೆರೇಡ್ ಮಾಡೋದೂ ಒಂದೇ ಕಣಪ್ಪ ಭಾವ" ಎಂದವನೇ ಒಳಗೆ ಹೋಗಿ ಒಂದು ಜೊತೆ ಬೂಟು ತಂದು ನನ್ನ ಮುಂದಿಟ್ಟ. ಒಂದೊಂದೂ ಸಿಪ್ಪೆ ಸುಲಿಯದ ತೆಂಗಿನಕಾಯಿಯ ಗಾತ್ರ, ಎರಡು ಕಾಯಿಯ ತೂಕ. ಅದನ್ನು ತೊಟ್ಟು ಶಾಲೆಯ ವರಾಂಡಕ್ಕೆ ಕಾಲಿಟ್ಟರೆ, ಕೊನೆಯ ಕೋಣೆಯ ಎಂಟನೇ ತರಗತಿಯವರು ನಾನು ಕಾಣುವ ಮುಂಚೆಯೇ ಎದ್ದು ನಿಲ್ಲುತ್ತಿದ್ದರು.

ಮಕ್ಕಳು ಕೊಟ್ಟ ಗೌರವವನ್ನು ಗಾಡಿ ಕೊಡಲಿಲ್ಲ. ಗೇರಿನ ಪೆಡಲಿಗೆ ಮುಂದೊಂದು ತುದಿ, ಹಿಂದೊಂದು ತುದಿ. ನಡುವೆ ಸವಾರ ಪಾದ ಇಡಬೇಕು. ನನ್ನ ಬೂಟು ಆ ಸಂದಿಗೆ ಒಮ್ಮೆ ಹೊಕ್ಕಿತೆಂದರೆ ಮತ್ತೆ ಹೊರಗೆ ಬರುತ್ತಿರಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ದಾರಿ ಬಿಡಲು ಹೋಗಿ, ಕಾಲು ಕಿತ್ತುಕೊಳ್ಳಲಾಗದೆ, ಗಾಡಿಯ ಸಮೇತ ಎಡಕ್ಕೆ ನಿಧಾನವಾಗಿ ಮಲಗಿದೆ. ಟೀ ಅಂಗಡಿಯವರು ಎತ್ತಿ ನಿಲ್ಲಿಸಿದರು. "ಬೂಟ್ ಬಿಚ್ಚಾಕಿ ಮೇಷ್ಟ್ರೇ, ಸರಿ ಹೋಯ್ತದೆ" ಎಂದ ಒಬ್ಬ. "ಹಿಮ್ಮಡಿ ಒಸಿ ಕುಯ್ಸಿ" ಎಂದ ಇನ್ನೊಬ್ಬ. ನನ್ನ ಹಿಮ್ಮಡಿಯೋ ಬೂಟಿನದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಾವಿರಾರು ರೂಪಾಯಿ ಸುರಿದು ತಂದ ಯಂತ್ರಕ್ಕೆ ತಲೆಬಾಗಿ ಮನುಷ್ಯನೇ ತನ್ನ ಕಾಲನ್ನು ತಿದ್ದಿಕೊಳ್ಳಬೇಕೆಂಬ ಈ ನಾಡಿನ ಸಾರ್ವತ್ರಿಕ ಅಭಿಪ್ರಾಯವನ್ನು ನಾನು ಅಂದೂ ಖಂಡಿಸಿದೆ, ಇಂದೂ ಖಂಡಿಸುತ್ತೇನೆ. ಬಿಚ್ಚಿ ಹಾಕುವುದಂತೂ ಸಾಧ್ಯವೇ ಇರಲಿಲ್ಲ. ತವರಿನಿಂದ ಬಂದ ವಸ್ತು ಮೂಲೆ ಸೇರಿತೆಂದರೆ ಅದರ ಹಿಂದೆಯೇ ನಾನೂ ಮೂಲೆ ಸೇರಬೇಕಾಗುತ್ತದೆ ಎಂಬುದು ಹನ್ನೆರಡು ವರ್ಷದ ಸಂಸಾರ ಕಲಿಸಿದ ಪಾಠ.

ಕಡೆಗೆ ನನ್ನ ಪಕ್ಷ ವಹಿಸಿದವನು ಮೆಕ್ಯಾನಿಕ್ ಇಲಿಯಾಸ್ ಒಬ್ಬನೇ. ಪೆಡಲನ್ನು ಬಿಚ್ಚಿ ತೋರಿಸಿದ. ಒಳಗೆ ಸಣ್ಣ ಸಣ್ಣ ಹಲ್ಲುಗಳು. ಒಂದು ಹಲ್ಲು ತಿರುಗಿಸಿ ಕೂರಿಸಿದರೆ ಮುಂದಿನ ತುದಿ ಏರಿತು, ಹಿಂದಿನದು ನೆಲ ಮುಟ್ಟಲು ಹೊರಟಿತು. ಹಿಂದಿನದನ್ನು ಎತ್ತಿದರೆ ಮುಂದಿನದು ಮುಳುಗಿತು.

"ಎರಡು ಹಲ್ಲಿನ ಮಧ್ಯೆ ಕೂರಿಸಪ್ಪ" ಎಂದೆ.

"ಮಧ್ಯೆ ಏನೈತೆ ಸಾರ್, ಖಾಲಿ ಗಾಳಿ" ಎಂದ ಇಲಿಯಾಸ್. ಆಮೇಲೆ ನನ್ನ ಮುಖ ನೋಡಲಾರದೆ ಹಿಂದಿನ ತುದಿಯನ್ನು ಗರಗಸದಲ್ಲಿ ಕೊಯ್ದೇ ಬಿಟ್ಟ. ಹೊಸ ಗಾಡಿಯ ಅಂಗಚ್ಛೇದವನ್ನು ನಾನು ನಿಂತು ನೋಡಿದೆ. ಬಲಗಡೆಯ ಬ್ರೇಕಿನ ಕಥೆ ಬೇರೆ. ಬೂಟಿನ ಕತ್ತು ಮರದ ಹಾಗೆ ಬಿಗಿ. ಪಾದ ಬಾಗಿ ಪೆಡಲನ್ನು ಮುಟ್ಟುವಂತಿರಲಿಲ್ಲ. ಆದ್ದರಿಂದ ಇಲಿಯಾಸ್ ಬೋಲ್ಟು ತಿರುಗಿಸಿ ಪೆಡಲನ್ನೇ ಎತ್ತಿ ಬೂಟಿನ ಅಡಿಗೆ ತಂದ. "ಈಗ ಗಾಡಿ ನಿಮ್ದು ಸಾರ್. ಬೇರೆಯೋರು ಓಡ್ಸಕ್ಕಾಗಲ್ಲ" ಎಂದ. ಹೆಮ್ಮೆಯಾಯಿತು.

ಆ ಭಾನುವಾರ ಚಂದ್ರಣ್ಣನ ಹೊಸ ಮನೆಯ ಗೃಹಪ್ರವೇಶ. ಹಾಲು ಉಕ್ಕಿಸಬೇಕಾದವಳು ಮನೆಮಗಳು, ಅಂದರೆ ನನ್ನಾಕೆ. ಮುಹೂರ್ತ ಹತ್ತು ಗಂಟೆಗೆ. ಬಸ್ಸಿನಲ್ಲಿ ಹೋದರೆ ಸಿಕ್ಕೀತೋ ಇಲ್ಲವೋ ಎಂದು ಅವಳು ನನ್ನನ್ನೂ ಬೂಟನ್ನೂ ನಂಬಿ ಹಿಂದೆ ಕುಳಿತಳು. ತಿಪಟೂರು ಬಿಟ್ಟ ಸ್ವಲ್ಪ ಹೊತ್ತಿಗೆ ಗಾಡಿ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ತಿರುವಿದಷ್ಟೂ ನಿಧಾನ. ಒಂದು ಎತ್ತಿನ ಗಾಡಿಯನ್ನು ಹಿಂದೆ ಹಾಕಲು ನಾವು ಪಟ್ಟ ಪಾಡನ್ನು ಆ ಎತ್ತುಗಳೇ ತಿರುಗಿ ನೋಡಿದವು. ತುರುವೇಕೆರೆ ಇನ್ನೂ ದೂರವಿದ್ದಾಗ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಹಿಂದಿನ ಚಕ್ರದ ನಡುವಿನಿಂದ ಹೊಗೆ. ಪಕ್ಕದ ತೋಟದವನೊಬ್ಬ ಬಿಂದಿಗೆ ನೀರು ತಂದು ಸುರಿದ. ಚುಂಯ್ ಎಂದಿತು. "ಒಗ್ಗರಣೆ ಹಾಕ್ದಂಗಾಯ್ತು ಕಣ್ರೀ" ಎಂದು ಅವನು ಹೋದ.

ನಾನು ನಡುರಸ್ತೆಯಲ್ಲಿ ನಿಂತು ಭಾಷಣ ಮಾಡಿದೆ. ಮೊದಲು ಇಲಿಯಾಸನನ್ನು, ಆಮೇಲೆ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವವರನ್ನು, ಆಮೇಲೆ ದೇಶದ ಕೈಗಾರಿಕಾ ನೀತಿಯನ್ನು ಬೈದೆ. ನನ್ನಾಕೆ ಪೂರ್ತಿ ಕೇಳಿದಳು. ಗಡಿಯಾರ ನೋಡಿಕೊಂಡಳು.

"ಮುಗೀತಾ?" ಎಂದಳು. "ತಿಪಟೂರು ಬಿಟ್ಟಾಗಿನಿಂದ ನಿಮ್ಮ ಬಲಗಾಲು ಬ್ರೇಕ್ ಮೇಲೇನೇ ಇದೆ."

"ಗೊತ್ತಿದ್ದರೆ ಹೇಳಬಾರದಿತ್ತೇ?"

"ಬೇಕು ಅಂತ್ಲೇ ಇಟ್ಟಿದೀರಾ ಅಂದ್ಕೊಂಡೆ ಕಣ್ರೀ. ನಮ್ಮಣ್ಣನ ಮನೆಗೆ ಹೋಗೋದು ಅಂದ್ರೆ ನೀವು ಯಾವತ್ತೂ ಹಿಂಗೇ ತಾನೇ?"

ಬೂಟಿನ ಅಟ್ಟೆ ಅಷ್ಟು ದಪ್ಪ, ಕೆಳಗೆ ಪೆಡಲಿದೆಯೋ ನೆಲವಿದೆಯೋ ತಿಳಿಯುವುದಿಲ್ಲ ಎಂದು ವಿವರಿಸಿದೆ. ಭಾವನ ಬೂಟನ್ನು ದೂರಿದಂತಾಯಿತೇ ಹೊರತು ಅವಳಿಗೆ ಸಮಾಧಾನವಾಗಲಿಲ್ಲ. ಉಳಿದ ದಾರಿಯುದ್ದಕ್ಕೂ ಕಾಲು ಬ್ರೇಕಿನ ಮೇಲೆ ಹೋದಾಗಲೆಲ್ಲ ಬೆನ್ನಿಗೆ ತಿವಿದಳು. ಸಂಪಿಗೆ ಬರುವಷ್ಟರಲ್ಲಿ ನನ್ನ ಬೆನ್ನು ನನ್ನದಾಗಿ ಉಳಿದಿರಲಿಲ್ಲ.

ಹತ್ತೂಕಾಲಾಗಿತ್ತು. ಹೊಸ ಮನೆಯ ಅಡುಗೆಮನೆಯಲ್ಲಿ ಚಂದ್ರಣ್ಣ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿಟ್ಟುಕೊಂಡು, "ಮುಹೂರ್ತ ಮೀರ್ತಾ ಇದೆ" ಎನ್ನುತ್ತಿದ್ದ ಪುರೋಹಿತರಿಗೆ ಅಡ್ಡಲಾಗಿ ನಿಂತಿದ್ದ. "ನನ್ ತಂಗಿ ಬರ್ದೆ ಹಾಲು ಉಕ್ಕಂಗಿಲ್ಲ ಬುಡಿ" ಎಂದಷ್ಟೇ ಹೇಳುತ್ತಿದ್ದ, ಸೈನ್ಯದಲ್ಲಿ ಹೇಳುವಂತೆ. ತಂಗಿಯ ಕೈಗೆ ಪಾತ್ರೆ ಕೊಟ್ಟು ನನ್ನ ಕಾಲು ನೋಡಿದ. "ನಿಧಾನವಾದ್ರೂ ಕ್ಷೇಮವಾಗಿ ಬಂದ್ರಿ. ಬೂಟು ಅಂದ್ರೆ ಅದು ಕಣಪ್ಪ ಭಾವ" ಎಂದು ಬೆನ್ನು ತಟ್ಟಿದ, ಸರಿಯಾಗಿ ತಿವಿತದ ಜಾಗದಲ್ಲೇ.

ಸಂಜೆ ವಾಪಸು ಹೊರಟೆವು. ಅದೇ ಬೂಟು, ಅದೇ ಪೆಡಲು, ಅದೇ ರಸ್ತೆ. ಗಾಡಿ ಹಗುರವಾಗಿ ಓಡಿತು. ತಿಪಟೂರಿನವರೆಗೆ ಬೆನ್ನಿಗೆ ಒಂದು ಸಲವೂ ತಿವಿತ ಬೀಳಲಿಲ್ಲ. ನನ್ನಾಕೆಗೆ ನಿದ್ದೆ ಬಂದಿರಬೇಕು ಎಂದುಕೊಂಡೆ. ಮನೆ ಮುಂದೆ ಇಳಿದವಳು ಒಳಗೆ ಹೋಗುವ ಮೊದಲು ಬಗ್ಗಿ ಹಿಂದಿನ ಚಕ್ರದ ನಡುವೆ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು. ಅವಳು ನನ್ನ ಬಲಗಾಲನ್ನೊಮ್ಮೆ ನೋಡಿ ಒಳಗೆ ಹೋದಳು. ಪೆಡಲಿನ ಎತ್ತರದಲ್ಲೇ ದೋಷವಿದೆ ಎಂಬ ನನ್ನ ವಾದವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಅದನ್ನು ಮನೆಯ ಹೊರಗೆ ಮಾತ್ರ ಮಂಡಿಸುತ್ತೇನೆ.