ದಡದ ಕೆಲಸ

ಎಲ್ಲ ಕೆಟ್ಟದ್ದು ಒಂದು ಡಬ್ಬಿ ಬೂದುಬಣ್ಣದಿಂದ.

ಹಡಗಿಗೆ ಅಂದು ನೌಕಾಪಡೆಯಲ್ಲಿ ಕೊನೆಯ ದಿನ. ಟ್ಯಾಂಕು, ಲಾರಿ, ಸೈನಿಕರನ್ನು ಹೊಟ್ಟೆಯಲ್ಲಿ ತುಂಬಿಕೊಂಡು ನೇರ ಮರಳಿಗೇ ನುಗ್ಗಿ, ಮೂತಿಯ ಬಾಗಿಲು ತೆರೆದು ಎಲ್ಲವನ್ನೂ ಕಕ್ಕುವ ಜಾತಿಯ ಹಡಗದು. ಅದಕ್ಕೆಂದೇ ತಳ ಇಸ್ತ್ರಿಪೆಟ್ಟಿಗೆಯಂತೆ ಚಪ್ಪಟೆ. ಆ ಚಪ್ಪಟೆ ತಳದ ದೆಸೆಯಿಂದಲೇ ನಡುಗಡಲಲ್ಲಿ ಕುಡುಕನಂತೆ ತೂರಾಡುತ್ತಿತ್ತು. ಒಂದು ಯುದ್ಧ ಕಂಡಿತ್ತು. ಆಮೇಲೆ ನೆರೆ ಬಂದಲ್ಲಿಗೆಲ್ಲ ಹಿಟ್ಟಿನ ಮೂಟೆ, ಡೇರೆ, ಒಮ್ಮೆ ಯಾರದೋ ಎಮ್ಮೆಗಳನ್ನೂ ಹೊತ್ತಿತ್ತು. ಈಗ ಗುಜರಿಗೆ. ಅದಕ್ಕೂ ಮೊದಲು ಅತಿಥಿಗಳನ್ನು ಹೊತ್ತು ಕಡೆಯ ಸಲ ದಡ ಏರಿ ತೋರಿಸಬೇಕಿತ್ತು.

ದಡ ಏರುವುದು ಸುಲಭ, ಇಳಿಯುವುದು ಕಷ್ಟ. ನುಗ್ಗುವ ಮುಂಚೆಯೇ ಹಿಂಬದಿಯ ಲಂಗರನ್ನು ನೀರಿಗೆ ಬಿಡಬೇಕು. ಆಮೇಲೆ ಅದರ ಹಗ್ಗ ಸುತ್ತಿಕೊಂಡೇ ಹಡಗು ಮರಳಿನಿಂದ ಹಿಂದೆ ಜಾರುವುದು. ಆ ಲಂಗರು ನಮ್ಮ ಲಂಗರಿನವನ ಪಾಲಿನದು. ಈ ದಿನ ಸುಸೂತ್ರವಾಗಿ ಕಳೆದರೆ ಅವನ ಊರಿನ ಉಗ್ರಾಣದಲ್ಲಿ ದಡದ ಕೆಲಸ ಕೊಡಿಸುವೆನೆಂದು ಕಪ್ತಾನರು ಮಾತು ಕೊಟ್ಟಿದ್ದರು. ಹೆಂಡತಿಯೂ ಎಚ್ಚರಿಸಿದ್ದಳು: "ಮಗಳು ನಿಮ್ಮನ್ನ ಫೋನ್ ಮಾಮ ಅಂತಾಳೆ. ಈ ಸಲಾನೂ ಬರ್ಲಿಲ್ಲ ಅಂದ್ರೆ ನಾನೂ ಹಾಗೇ ಕರೀತೀನಿ."

ಬೆಳಿಗ್ಗೆ ಅಡುಗೆಯವನು ಬಂದು ಲಂಗರಿನ ತುಕ್ಕು ನೋಡಿ ಮೂಗು ಮುರಿದ. ಲಂಗರಿನವನು ಬಣ್ಣ ಬಳಿದದ್ದಾಯಿತು. ರೇಡಿಯೋದವನು ಒಂದು ಕೈ ಬಣ್ಣ ಸಾಲದೆಂದ. ಎಂಜಿನ್ನಿನ ದೊಡ್ಡಪ್ಪ, ಅಂದರೆ ಎಲ್ಲರಿಗಿಂತ ಹಳಬ, ಲಂಗರು ಕೂರುವ ಗೂಡನ್ನು ಬಳಿಯದೆ ಬಿಡುವುದೆಂದರೆ ಮುಖ ತೊಳೆದು ಕಿವಿ ಬಿಟ್ಟಂತೆ ಎಂದ. ಸಲಹೆಗೆ ಮೂವರು, ಕುಂಚಕ್ಕೆ ಒಬ್ಬನೇ. ಮಧ್ಯಾಹ್ನದ ಬಿಸಿಲಿಗೆ ಬಣ್ಣ ಗಟ್ಟಿಯಾಗಿ, ಲಂಗರೂ ಗೂಡೂ ಹೊಸದಾಗಿ ಮದುವೆಯಾದವರಂತೆ ಅಂಟಿಕೊಂಡವು.

ಲಂಗರು ಬಿಡುವಂತೆ ಆಜ್ಞೆ ಬಂತು. ಲಂಗರಿನವನು ಕೊಂಡಿ ಕಳಚಿದ, ಲಂಗರು ಕದಲಲಿಲ್ಲ. ಒದ್ದ, ಸುತ್ತಿಗೆಯಲ್ಲಿ ಬಡಿದ.

"ಮೆಲ್ಲಗೆ ಹೊಡಿಯಪ್ಪ, ಬಣ್ಣ ಹೋಗುತ್ತೆ" ಎಂದ ಅಡುಗೆಯವನು.

ಲಂಗರಿನವನು ಫೋನೆತ್ತಿ ಮೇಲಿದ್ದ ಕಪ್ತಾನರಿಗೆ, "ಸರ್, ಲಂಗರು ಬಿಟ್ಟೇ ಇಲ್ಲ" ಎಂದ. ಮೇಲೆ ಅತಿಥಿಗಳಿಗಾಗಿ ಬ್ಯಾಂಡು ಬಾರಿಸುತ್ತಿತ್ತು. ಕೊನೆಯ 'ಇಲ್ಲ'ವನ್ನು ಡೋಲು ನುಂಗಿತು. 'ಬಿಟ್ಟೆ' ಎಂದಷ್ಟೇ ಕೇಳಿಸಿಕೊಂಡ ಕಪ್ತಾನರು ಶಹಬ್ಬಾಸ್ ಎಂದು ಫೋನಿಟ್ಟರು.

ಅವನು ಮತ್ತೆ ಫೋನೆತ್ತುವಷ್ಟರಲ್ಲಿ ಹಡಗು ಭರತದ ಉಕ್ಕಿದ ನೀರಿನಲ್ಲಿ ಸೊಗಸಾಗಿ ಮರಳು ಏರಿತು. ಬಾಗಿಲು ತೆರೆಯಿತು, ಅತಿಥಿಗಳು ಚಪ್ಪಾಳೆ ತಟ್ಟುತ್ತ ಇಳಿದರು. ಹಿಂದೆಳೆಯುವ ಹೊತ್ತಿಗೆ ಲಂಗರು ಇನ್ನೂ ಗೂಡಿನಲ್ಲೇ ಹೊಳೆಯುತ್ತಿತ್ತು. ಭರತ ಇಳಿದು, ಕರೆಯದ ನೆಂಟನನ್ನು ಕಂಡ ಮನೆಯೊಡತಿಯಂತೆ ಸಮುದ್ರ ಒಳಗೆ ಸರಿದುಕೊಂಡಿತು. ಎಳೆಯಲು ಬಂದ ದೋಣಿಗಳ ಹಗ್ಗಗಳಷ್ಟೇ ತುಂಡಾದವು. ಸಂಜೆಗೆ ಹಡಗು ಪೂರ್ತಿ ಒಣನೆಲದಲ್ಲಿ.

ಮರುದಿನದ ಭರತಕ್ಕೂ ಅದು ಕದಲದಿದ್ದಾಗ ಕಪ್ತಾನರು ಲಂಗರಿನವನನ್ನು ಕರೆಸಿದರು. ಕೆಲಸ ಹೋಯಿತೆಂದೇ ಅವನು ಕೈಕಟ್ಟಿ ನಿಂತ. ಅವರು ಬೈಯಲಿಲ್ಲ. ಗುಜರಿಯವನು ಮರಳಿನಿಂದ ಎತ್ತಲಾರೆ ಎಂದನಂತೆ. ಹಾಗಾಗಿ ಮೇಲಿನವರು ಹಡಗನ್ನು ಅಲ್ಲೇ ಜನ ನೋಡಲು ಇಡುವುದೆಂದು ತೀರ್ಮಾನಿಸಿದ್ದರು.

"ದಡದ ಕೆಲಸ ಕೇಳಿದ್ದೆ ಅಲ್ವೇನಯ್ಯ?"

"ನಮ್ಮೂರಿನ ಉಗ್ರಾಣದಲ್ಲಿ ಸರ್."

"ಅಲ್ಲಿಗೆ ಅಡುಗೆಯವನನ್ನ ಕಳಿಸ್ತಿದೀನಿ. ಹಡಗು ದಡದಲ್ಲೇ ಇದೆ. ಕಾವಲಿಗೆ ನೀನೂ ಇಲ್ಲೇ ಇರು, ನಿನ್ನ ಸರ್ವೀಸು ಮುಗಿಯೋವರೆಗೆ."

ಹೊರಗೆ ಬರುವಷ್ಟರಲ್ಲಿ ಹೆಂಡತಿಯ ಫೋನು. ದಡದ ಕೆಲಸ ಸಿಕ್ಕಿತೇ ಎಂದಳು.

"ಸಿಕ್ತು" ಎಂದ.

"ಅಂತೂ ಆ ಹಡಗಿನ ಸಹವಾಸ ತಪ್ತು ಅನ್ನಿ."

ಅವನು ಬಾಯಿ ತೆರೆಯುವ ಮೊದಲೇ ಅವಳು ನೆರೆಮನೆಯವರಿಗೆ ಹೇಳಲು ಓಡಿದ್ದಳು.